ಮಹಾರಾಜ ಕಾಲೇಜಿನ ಹಳೆ ಹುಡುಗರ ಸಮಾಚಾರ

ಹಳೆಯ ವಿದ್ಯಾರ್ಥಿಗಳ ಕೂಟದಲ್ಲಿ ಮಾತು ಮೊದಲು ನೌಕರಿಯ ಸುತ್ತ ಸುತ್ತುತ್ತದೆ. ಊಟಕ್ಕೆ ಕೂತ ಮೇಲೆ ಮನೆಯತ್ತ ತಿರುಗುತ್ತದೆ: ಯಾರ ಮಗಳ ಮದುವೆ, ಯಾರಿಗೆ ಹುಷಾರಿಲ್ಲ, ಫೇಲಾಗಿದ್ದ ಆ ಹುಡುಗ ಕೊನೆಗೆ ಏನಾದ. ಮೈಸೂರಿನ ಮಹಾರಾಜ ಕಾಲೇಜಿನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಊಟದ ತನಕ ಕಾಯುವುದಿಲ್ಲ. ಜ್ಞಾನಪೀಠ, ಪದ್ಮ ಪ್ರಶಸ್ತಿ, ಕುಲಪತಿ ಹುದ್ದೆ ಎಂದು ಪಟ್ಟಿ ಓದಿ ಕೈ ತೊಳೆದುಕೊಳ್ಳುತ್ತಾರೆ. ಸ್ವಾರಸ್ಯವೆಲ್ಲ ಇರುವುದು ಊಟದ ಮೇಲಿನ ಮಾತಿನಲ್ಲಿ.

ಕಾಲೇಜು ಇರುವುದು ಜೆಎಲ್‌ಬಿ ರಸ್ತೆಯಲ್ಲಿ, ರಾಮಸ್ವಾಮಿ ವೃತ್ತದ ಸಮೀಪ. 1947ರ ‘ಮೈಸೂರು ಚಲೋ’ ಚಳವಳಿಯಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿಯ ಹೆಸರು ಆ ವೃತ್ತಕ್ಕೆ. ಒಂದು ಬದಿಗೆ ಮರಗಳ ಸಾಲಿನ ಕೃಷ್ಣರಾಜ ಬುಲೆವಾರ್ಡ್. ಅಲ್ಲಿಂದ ತುಸು ಆಚೆ, ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಓಲೆಗರಿಯಿಂದ ಹೊರತೆಗೆದ ಓರಿಯಂಟಲ್ ಲೈಬ್ರರಿ. ನಡೆದೇ ಹೋಗುವಷ್ಟು ದೂರದಲ್ಲಿ ಕುಕ್ಕರಹಳ್ಳಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರ್ 1833ರಲ್ಲಿ ತೆರೆದ ಇಂಗ್ಲಿಷ್ ಶಾಲೆ ಈ ಕಾಲೇಜಿನ ಬೇರು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟುವವರೆಗೂ ಇಲ್ಲಿನವರು ಮದರಾಸು ವಿಶ್ವವಿದ್ಯಾನಿಲಯದ ಪರೀಕ್ಷೆ ಬರೆಯಬೇಕಿತ್ತು. ಮೈದಾನವಂತೂ ಇಡೀ ಊರಿನ ಸ್ವತ್ತು: ಎಷ್ಟೋ ವರ್ಷ ದಸರಾದಲ್ಲಿ ಯುವಕರ ಕುಣಿತ ಇಲ್ಲೇ ನಡೆಯುತ್ತಿತ್ತು, ಚುನಾವಣೆ ಬಂದರೆ ಭಾಷಣ.

ಈ ಆವರಣದ ಅತಿ ಪ್ರಸಿದ್ಧ ಫೇಲ್ ವಿದ್ಯಾರ್ಥಿ ಆರ್.ಕೆ. ನಾರಾಯಣ್. ತಂದೆ ಇಲ್ಲಿನ ಕಾಲೇಜಿಯೇಟ್ ಹೈಸ್ಕೂಲಿನ ಹೆಡ್‌ಮಾಸ್ಟರು. ಮಗ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ಡುಮ್ಕಿ, ಅದೂ ಇಂಗ್ಲಿಷಿನಲ್ಲಿ. ಮುಂದಿನ ಪರೀಕ್ಷೆಯವರೆಗೆ ಸಿಕ್ಕ ಬಿಡುವನ್ನು ಆತ ಕೆರೆಯ ದಂಡೆಯಲ್ಲಿ ಪುಸ್ತಕ ಹಿಡಿದು ಕಳೆದರು. ಡಿಗ್ರಿ ಕೈಗೆ ಬಂದದ್ದು 1930ರಲ್ಲಿ, ಮೂರು ವರ್ಷದ ಓದಿಗೆ ನಾಲ್ಕು ವರ್ಷ ಹಿಡಿದ ಮೇಲೆ. ಎಂ.ಎ. ಮಾಡಿದರೆ ಸಾಹಿತ್ಯದ ರುಚಿಯೇ ಕೆಟ್ಟುಹೋದೀತೆಂದು ಗೆಳೆಯನೊಬ್ಬ ಹೇಳಿದ್ದಕ್ಕೆ ಅದನ್ನೂ ಕೈಬಿಟ್ಟರು. ಮೇಷ್ಟರ ಕೆಲಸಕ್ಕೆ ಸೇರಿ, ಡ್ರಿಲ್ ಮೇಷ್ಟರ ಬದಲಿಗೆ ನಿಲ್ಲಬೇಕೆಂದಾಗ ಅದಕ್ಕೂ ನಮಸ್ಕಾರ ಹೇಳಿದರು. 1937ರಲ್ಲಿ ‘ದಿ ಬ್ಯಾಚುಲರ್ ಆಫ್ ಆರ್ಟ್ಸ್’ ಬಂತು. ಅದರ ನಾಯಕ ಚಂದ್ರನ್ ಮಾಲ್ಗುಡಿಯವನೇ ಇರಬಹುದು, ಕಾಲೇಜಿನ ಬೇಸರ ಮಾತ್ರ ಜೆಎಲ್‌ಬಿ ರಸ್ತೆಯದು ಎಂದು ಮೈಸೂರಿನವರು ನಂಬಿದರೆ ತಪ್ಪೇನಲ್ಲ.

ತಮ್ಮ ಲಕ್ಷ್ಮಣ್ ಕಥೆಯೂ ಇದೇ ಜಾತಿಯದು. ಬೊಂಬಾಯಿಯ ಜೆ.ಜೆ. ಕಲಾಶಾಲೆ ಸೀಟು ಕೊಡಲಿಲ್ಲ, ಇಲ್ಲೇ ಬಿ.ಎ. ಓದುತ್ತ ಅಣ್ಣನ ಕಥೆಗಳಿಗೂ ‘ಕೊರವಂಜಿ’ ಪತ್ರಿಕೆಗೂ ಚಿತ್ರ ಬರೆದರು. ಉಳಿದದ್ದು ಅವರ ವ್ಯಂಗ್ಯಚಿತ್ರದ ‘ಶ್ರೀಸಾಮಾನ್ಯ’ನಿಗೆ ಗೊತ್ತು.

ಎ.ಕೆ. ರಾಮಾನುಜನ್ ಅವರ ಅಪ್ಪ ಗಣಿತದ ಪ್ರೊಫೆಸರು. ಮಗ ವಿಜ್ಞಾನಕ್ಕೇ ಸೇರಿದ್ದ. ಗಣಿತ ಇವನ ತಲೆಗಲ್ಲ ಎಂದು ಇಂಗ್ಲಿಷಿನ ಕಡೆ ತಿರುಗಿಸಿದವರು ಅಪ್ಪನೇ. ಮಕ್ಕಳ ಅಂಕಪಟ್ಟಿ ಹಿಡಿದು ಕೂರುವ ಇಂದಿನ ಅಪ್ಪಂದಿರು ಇದನ್ನೊಮ್ಮೆ ಓದಬೇಕು. ಷಿಕಾಗೋ ಸೇರಿದ ರಾಮಾನುಜನ್ 1973ರಲ್ಲಿ ವಚನಗಳನ್ನು ಇಂಗ್ಲಿಷಿಗೆ ತಂದರು, 1976ರಲ್ಲಿ ‘ಸಂಸ್ಕಾರ’ವನ್ನು. ಆ ಕಾದಂಬರಿಯನ್ನು ಬರ್ಮಿಂಗ್‌ಹ್ಯಾಮಿನಲ್ಲಿ ಕೂತು ಬರೆದ ಅನಂತಮೂರ್ತಿಯವರೂ ಮೈಸೂರಿನಲ್ಲೇ ಇಂಗ್ಲಿಷ್ ಎಂ.ಎ. ಮಾಡಿದವರು. ಮಲೆನಾಡಿನ ಅಗ್ರಹಾರವೊಂದು ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಭಾಷೆ ಬದಲಿಸಿತು. ಎರಡೂ ತುದಿಯಲ್ಲಿ ಇದ್ದದ್ದು ಮೈಸೂರಿನ ಹುಡುಗರು.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಸಮಾಚಾರ ಮಾತ್ರ ಎದೆ ಧಸಕ್ಕೆನ್ನಿಸುವಂಥದ್ದು. ಇಲ್ಲಿ ಸಾಮಾಜಿಕ ತತ್ತ್ವಶಾಸ್ತ್ರದ ಆನರ್ಸ್ ಮುಗಿಸಿ, ಬೊಂಬಾಯಿ, ಆಕ್ಸ್‌ಫರ್ಡ್ ಸುತ್ತಿ, 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಉಳಿದು ಟಿಪ್ಪಣಿ ಮಾಡಿಕೊಂಡರು. ಪುಸ್ತಕದಲ್ಲಿ ಅದಕ್ಕೆ ‘ರಾಂಪುರ’ ಎಂಬ ಹೆಸರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿದ್ದಾಗ ಯಾರೋ ಹಚ್ಚಿದ ಬೆಂಕಿಗೆ ಆ ಟಿಪ್ಪಣಿಗಳನ್ನು ಸಂಸ್ಕರಿಸಿಟ್ಟ ಪ್ರತಿಗಳೆಲ್ಲ ಸಿಕ್ಕವು. ಬರೀ ನೆನಪಿನಿಂದ ಬರೆದು 1976ರಲ್ಲಿ ‘ದಿ ರಿಮೆಂಬರ್ಡ್ ವಿಲೇಜ್’ ತಂದರು. ಬೆಂಕಿ ಬೀಳದಿದ್ದರೆ ಅಂಕಿ-ಅಂಶಗಳ ಇನ್ನೊಂದು ಗ್ರಂಥ ಬರುತ್ತಿತ್ತೇನೋ. ಅಷ್ಟು ಜೀವ ಇರುತ್ತಿತ್ತೇ ಎಂಬ ಅನುಮಾನ ನನಗೆ ಹೋಗಿಲ್ಲ.

ಮೇಷ್ಟರುಗಳ ಮೇಲೆ ಇಲ್ಲಿನ ಹುಡುಗರಿಗಿದ್ದ ಪ್ರೀತಿಗೆ ಸಾಮಾನ್ಯವಾಗಿ ಕೊಡುವ ಉದಾಹರಣೆ 1921ರದು. ತತ್ತ್ವಶಾಸ್ತ್ರ ಕಲಿಸುತ್ತಿದ್ದ ರಾಧಾಕೃಷ್ಣನ್ ಕಲ್ಕತ್ತಕ್ಕೆ ಹೊರಟಾಗ ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಸಾರೋಟನ್ನು ತಾವೇ ಎಳೆದು ರೈಲು ನಿಲ್ದಾಣ ಮುಟ್ಟಿಸಿದರು. ಅದಕ್ಕಿಂತ ದೊಡ್ಡದು ಕುವೆಂಪು ಸಲ್ಲಿಸಿದ ವರದಿ. ತಮ್ಮನ್ನು ಕೈಹಿಡಿದು ನಡೆಸಿದ ಟಿ.ಎಸ್. ವೆಂಕಣ್ಣಯ್ಯ 1939ರಲ್ಲೇ ತೀರಿಕೊಂಡಿದ್ದರು. ಹತ್ತು ವರ್ಷದ ಮೇಲೆ ಅಚ್ಚಾಗತೊಡಗಿದ ‘ಶ್ರೀ ರಾಮಾಯಣ ದರ್ಶನಂ’ ಆ ಗುರುವಿಗೇ ಅರ್ಪಣೆ. ಒಪ್ಪಿಸಿದ್ದ ಕೆಲಸ ಮುಗಿಸಿ ತಂದಿದ್ದೇನೆ, ಮೇಷ್ಟರೇ, ನೋಡಿ ಎನ್ನುವ ಧಾಟಿಯಲ್ಲಿ. ಹಳೆ ವಿದ್ಯಾರ್ಥಿ ಹೊತ್ತು ತರಬಹುದಾದ ಸುದ್ದಿಯಲ್ಲಿ ಇದಕ್ಕಿಂತ ಮಿಗಿಲಾದದ್ದು ನನಗೆ ಹೊಳೆಯುವುದಿಲ್ಲ. ಇದೇ ಕಾಲೇಜಿಗೆ ಅವರು ಪ್ರಿನ್ಸಿಪಾಲರಾದದ್ದು, 1956ರಲ್ಲಿ ವಿಶ್ವವಿದ್ಯಾನಿಲಯದ ಕುಲಪತಿಯಾದದ್ದು ಎಲ್ಲರಿಗೂ ತಿಳಿದ ಮಾತು.

ಮದುವೆಯ ಸುದ್ದಿ ಬಾಕಿ ಇದೆ. ಕುವೆಂಪು ಮಗ ಪೂರ್ಣಚಂದ್ರ ತೇಜಸ್ವಿ ಕೂಡ ಮಹಾರಾಜ ಕಾಲೇಜಿನವರೇ. ಕನ್ನಡ ಎಂ.ಎ. ಮುಗಿಸಿ ಅಧ್ಯಾಪಕರಾಗುವ ಬದಲು ಮೂಡಿಗೆರೆಯ ಕಾಡಿಗೆ ಹೋಗಿ ಕಾಫಿ ತೋಟ ಮಾಡಿದರು. 1966ರಲ್ಲಿ ರಾಜೇಶ್ವರಿಯವರೊಡನೆ ಅವರ ಮದುವೆ ಗೊತ್ತಾದಾಗ, ಪುರೋಹಿತರಿಲ್ಲದ, ವರದಕ್ಷಿಣೆಯಿಲ್ಲದ, ಆಡಂಬರವಿಲ್ಲದ ಮದುವೆಗೆಂದು ಅಪ್ಪ ಹೊಂದಿಸಿಕೊಟ್ಟದ್ದೇ ‘ಮಂತ್ರಮಾಂಗಲ್ಯ’. ಸಾವಿರಾರು ರೂಪಾಯಿಯ ಶಾಮಿಯಾನ ಬೇಡವೆನ್ನುವ ಜೋಡಿಗಳು ಇಂದಿಗೂ ಆ ಪುಟ್ಟ ಪುಸ್ತಕ ಹಿಡಿದು ಮದುವೆಯಾಗುತ್ತಾರೆ. ಕುಪ್ಪಳಿಯ ಹೇಮಾಂಗಣದಲ್ಲಿ ಅದಕ್ಕೆ ಜಾಗವೂ ಉಂಟು.