‘ಸರ್ವರ್ ಸ್ಲೋ’ ಎಂದರೆ ಎಲ್ಲಿ ಸ್ಲೋ?

ಅರ್ಜಿ ಹಾಕಲು ಹೋದವರೆಲ್ಲರೂ ಕೇಳಿರುವ ಮಾತು: “ಸರ್ವರ್ ಸ್ಲೋ ಇದೆ, ನಾಳೆ ಬನ್ನಿ.” ನಮ್ಮ ಮನೆಯ ಮಾತು ಉರ್ದು. ಆದರೂ ಈ ‘ಸರ್ವರ್ ಸ್ಲೋ’ ಏನೆಂದು ನನ್ನ ದಾದಿಗೂ ಗೊತ್ತು! 2023ರ ಜೂನ್ 18ರಂದು ಸೇವಾ ಸಿಂಧು ಪೋರ್ಟಲ್‌ನಲ್ಲಿ ಗೃಹಜ್ಯೋತಿ ನೋಂದಣಿ ಶುರುವಾದಾಗ ರಾಜ್ಯದ ಹಲವೆಡೆ ಇದೇ ದೂರು ಕೇಳಿಬಂತು. ಕೂಲಿ ಬಿಟ್ಟು ಬಂದವರಿಗೆ ‘ನಾಳೆ’ ಎಂದರೆ ಇನ್ನೊಂದು ದಿನದ ಕೂಲಿ ಹೋದಂತೆ. ಹಾಗಾದರೆ ಈ ನಿಧಾನದ ಕಾರಣವನ್ನು ಹುಡುಕುವುದು ಹೇಗೆ?

ನಾವು ಬಟನ್ ಒತ್ತಿದಾಗ ಹೋಗುವ ಕೋರಿಕೆಯೇ ‘ರಿಕ್ವೆಸ್ಟ್’. ಅದು ಮೊದಲು ವೆಬ್ ಸರ್ವರ್‌ಗೆ, ಅಲ್ಲಿಂದ ಅಪ್ಲಿಕೇಶನ್‌ಗೆ, ಅಲ್ಲಿಂದ ಮಾಹಿತಿ ಇಟ್ಟಿರುವ ಡೇಟಾಬೇಸ್‌ಗೆ ಹೋಗುತ್ತದೆ. ಯಾರೊಬ್ಬರು ತಡ ಮಾಡಿದರೂ ನಮಗೆ ಕಾಣುವುದು ತಿರುಗುವ ಚಕ್ರ ಮಾತ್ರ.

ಫೆಬ್ರವರಿಯಲ್ಲಿ ಸೇವಾಲಾಲ್ ಜಯಂತಿಗೆ ಸೂರಗೊಂಡನಕೊಪ್ಪಕ್ಕೆ ಬರುವ ಜನಸಾಗರವನ್ನು ನೆನೆಯಿರಿ. ರಸ್ತೆ ಅದೇ, ಜನ ಮಾತ್ರ ಹೆಚ್ಚು. ಸರ್ವರ್ ಕೂಡ ಹಾಗೆಯೇ. ಅದು ಒಮ್ಮೆಗೆ 10 ರಿಕ್ವೆಸ್ಟ್ ನೋಡಬಲ್ಲದು, ಪ್ರತಿಯೊಂದಕ್ಕೂ ಅರ್ಧ ಸೆಕೆಂಡ್ ಬೇಕು ಎಂದುಕೊಳ್ಳಿ. ಆಗ ಸೆಕೆಂಡಿಗೆ 20 ಮುಗಿಯುತ್ತವೆ. ಒಂದೊಂದಕ್ಕೂ 5 ಸೆಕೆಂಡ್ ಹಿಡಿದರೆ ಮುಗಿಯುವುದು ಕೇವಲ 2. ಉಳಿದವರು ಸಾಲಿನಲ್ಲಿ ನಿಲ್ಲಬೇಕು.

ಕಾರಣ ತಿಳಿಯಲು ಲೆಕ್ಕ ಬೇಕು. ಕಾಮರ್ಸ್‌ನವರಾದ ನಮಗೆ ಜರ್ನಲ್ ಇದ್ದಂತೆ ಸರ್ವರ್‌ಗೆ ‘ಲಾಗ್’ ಇರುತ್ತದೆ. ಯಾರು, ಯಾವಾಗ, ಯಾವ ಪುಟ ಕೇಳಿದರು ಎಂಬುದು ಅದರಲ್ಲಿ ದಾಖಲಾಗುತ್ತದೆ. ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್‌ನ ಮಾಮೂಲಿ ಲಾಗ್‌ನಲ್ಲಿ ಎಷ್ಟು ಹೊತ್ತು ಹಿಡಿಯಿತು ಎಂಬುದು ಇರುವುದಿಲ್ಲ. ನೋಡಿಕೊಳ್ಳುವವರು ಒಟ್ಟು ಸಮಯ, ಅಪ್ಲಿಕೇಶನ್ ತೆಗೆದುಕೊಂಡ ಸಮಯ ಎಂಬ ಎರಡು ಕಲಂ ಸೇರಿಸಬೇಕು. ಒಟ್ಟು 30 ಸೆಕೆಂಡ್‌ನಲ್ಲಿ ಅಪ್ಲಿಕೇಶನ್ನೇ 29 ತಿಂದಿದ್ದರೆ ತೊಂದರೆ ಒಳಗಿದೆ. ಅಪ್ಲಿಕೇಶನ್ ಅರ್ಧ ಸೆಕೆಂಡಿನಲ್ಲೇ ಮುಗಿಸಿದ್ದರೆ, ನಮ್ಮ ನೆಟ್‌ವರ್ಕ್ ಮೇಲೆ ಅನುಮಾನ ಪಡಬಹುದು.

ಮುಂದಿನ ಹುಡುಕಾಟ ಡೇಟಾಬೇಸ್‌ನಲ್ಲಿ. ಮೈಎಸ್‌ಕ್ಯೂಎಲ್‌ನಲ್ಲಿ ನಿಧಾನದ ಪ್ರಶ್ನೆಗಳನ್ನು ಮಾತ್ರ ಬರೆದಿಡುವ ‘ಸ್ಲೋ ಕ್ವೆರಿ ಲಾಗ್’ ಇದೆ. ಅದರ ಮೂಲ ಮಿತಿ 10 ಸೆಕೆಂಡ್. ಅದನ್ನು 1ಕ್ಕೆ ಇಳಿಸಿದರೆ ಹೆಚ್ಚು ಕಳ್ಳರು ಸಿಕ್ಕಿಬೀಳುತ್ತಾರೆ. ಹಲವು ಸಲ ಸಿಗುವ ಕಾರಣ ‘ಇಂಡೆಕ್ಸ್’ ಇಲ್ಲದಿರುವುದು. ಒಂದು ಕಾರ್ಡ್ ನಂಬರ್ ಹುಡುಕಲು ಲಕ್ಷಾಂತರ ಸಾಲುಗಳನ್ನೂ ಓದಬೇಕಾಗುತ್ತದೆ. ಇಂಡೆಕ್ಸ್ ಹಾಕಿದರೆ ಹೊಸ ಯಂತ್ರ ಕೊಳ್ಳದೆಯೇ ಕೆಲಸ ಬೇಗ ಆಗಬಹುದು.

ಸಂಖ್ಯಾಶಾಸ್ತ್ರದ ಒಂದು ಎಚ್ಚರಿಕೆಯೂ ಇದೆ. 100 ರಿಕ್ವೆಸ್ಟ್‌ಗಳಲ್ಲಿ 95ಕ್ಕೆ ತಲಾ 0.2 ಸೆಕೆಂಡ್, 5ಕ್ಕೆ ತಲಾ 30 ಸೆಕೆಂಡ್ ಆಗಿದೆ ಎನ್ನಿ. ಸರಾಸರಿ 1.69 ಸೆಕೆಂಡ್. ವರದಿ ನೋಡಿದವರಿಗೆ ಎಲ್ಲವೂ ಸರಿ ಎನಿಸುತ್ತದೆ. ಮಧ್ಯಾಂಕವಂತೂ 0.2 ಮಾತ್ರ. ಅರ್ಧ ನಿಮಿಷ ಕಾದ ಆ ಐವರು ಎರಡರಲ್ಲೂ ಕಾಣುವುದಿಲ್ಲ. ಅದಕ್ಕೇ ತಿಳಿದವರು ಅತಿ ನಿಧಾನವಾದ ನೂರಕ್ಕೆ ಐದನ್ನು ಬೇರೆಯಾಗಿ ನೋಡುತ್ತಾರೆ. ಅವರ ಅರ್ಜಿಯೂ ಅರ್ಜಿಯೇ ಅಲ್ಲವೇ?

ನಾವೇನು ಮಾಡಬಹುದು? ಮತ್ತೆ ಮತ್ತೆ ರಿಫ್ರೆಶ್ ಒತ್ತಬೇಡಿ. ಹಳೆಯ ಕೆಲಸ ಒಳಗೆ ನಡೆಯುತ್ತಲೇ ಇರಬಹುದು. ಹೊಸದೊಂದು ಸಾಲಿಗೆ ಸೇರಿ ಕಾಯುವಿಕೆ ಬೆಳೆಯುತ್ತದೆ. ಪರದೆಯಲ್ಲಿ 504 ಎಂದು ಬಂದರೆ, ಹಿಂದಿನ ಸರ್ವರ್ ಸಮಯಕ್ಕೆ ಉತ್ತರ ಕೊಡಲಿಲ್ಲ ಎಂದರ್ಥ. ಆ ಸಂಖ್ಯೆ, ದಿನ, ಗಂಟೆ ಬರೆದುಕೊಂಡು ದೂರು ಕೊಡಿ. “ಸ್ಲೋ ಇದೆ” ಎಂದಷ್ಟೇ ಹೇಳಿದರೆ ಲಾಗ್‌ನಲ್ಲಿ ಎಲ್ಲಿ ಹುಡುಕುವುದು? ಗಂಟೆ ಹೇಳಿದರೆ ಆ ಸಾಲು ಸಿಗುತ್ತದೆ. ಹಾಗೆಯೇ ಗೆಳೆಯರೇ, ವಿದ್ಯಾರ್ಥಿವೇತನದ ಅರ್ಜಿಯನ್ನು ಕೊನೆಯ ದಿನದವರೆಗೆ ಇಟ್ಟುಕೊಳ್ಳಬೇಡಿ. ಅಂದು ಸಾಲು ಬಹಳ ಉದ್ದವಿರುತ್ತದೆ.