ಬಳಚಿನ ರುಚಿ

ಘಟ್ಟದ ಮೇಲಿನವನಾದ ನನಗೆ ಕಪ್ಪೆಚಿಪ್ಪೆಂದರೆ ಹುಡುಗರು ಆಯ್ದು ಜೇಬಿಗೆ ತುಂಬುವ ಆಟದ ಸಾಮಾನು, ಅಷ್ಟೆ. ಅದರೊಳಗಿನ ಜೀವಿಯೂ ಉಣ್ಣತಕ್ಕದ್ದೆಂದು ತೋರಿಸಿಕೊಟ್ಟವರು ಕುಮಟೆಯ ಸಮೀಪ, ಅಘನಾಶಿನಿಯ ದಡದಲ್ಲಿರುವ ನನ್ನ ಮಿತ್ರರ ತಾಯಿ.

ಹೊಳೆ ಕಡಲನ್ನು ಕೂಡುವಲ್ಲಿ ಸಿಹಿನೀರೂ ಉಪ್ಪುನೀರೂ ಬೆರೆಯುತ್ತವೆ. ಅಲ್ಲಿಯ ಮರಳು ಕೆಸರಿನಲ್ಲಿ ಹುದುಗಿರುವ ಚಿಪ್ಪುಜೀವಿಗೆ ಆ ಸೀಮೆಯವರು ಬಳಚು ಎನ್ನುತ್ತಾರೆ. ಇಳಿತದ ಹೊತ್ತಿಗೆ ಹೆಂಗಸರು ನೀರಿಗಿಳಿದು, ಕಾಲಿನಿಂದ ತಡವಿ, ಕೈಯಿಂದ ಎತ್ತುತ್ತಾರೆ. ಆ ತಾಯಿ ತಾವು ತಂದುದನ್ನು ಮರಳು ಉಗುಳಲೆಂದು ಕೆಲವು ಗಂಟೆ ಹೊಳೆಯ ನೀರಿನಲ್ಲೇ ಇಟ್ಟು, ತಿಕ್ಕಿ ತೊಳೆದು, ಅರ್ಧ ಲೋಟ ನೀರಿನಲ್ಲಿ ಮುಚ್ಚಿ ಬೇಯಿಸಿದರು. ಚಿಪ್ಪುಗಳು ಬಾಯಿಬಿಟ್ಟವು, ಬಿಡದವನ್ನು ಎಸೆದರು. ನೆರವಾಗಹೋದ ನಾನು ಪಾತ್ರೆಯ ತಳದ ಬೂದುಬಣ್ಣದ ನೀರನ್ನು ಚೆಲ್ಲಲೆಂದು ಎತ್ತಿದೆ.

"ತಮಾ, ಚೆಲ್ಲಬೇಡ! ರುಚಿಯೆಲ್ಲ ಅದರಲ್ಲೇ ಇರುದು."

ಆ ನೀರನ್ನು ಬಟ್ಟೆಯಲ್ಲಿ ಸೋಸಿ, ಕಾಯಿತುರಿ, ಒಣಮೆಣಸು, ಕೊತ್ತಂಬರಿ, ಅರಿಸಿನ ಅರೆದ ಮಸಾಲೆಗೆ ಸೇರಿಸಿದರು. ಹುಳಿಗೆ ಮುರುಗಲಿನ ಸಿಪ್ಪೆ. ಉಪ್ಪನ್ನು ಮಾತ್ರ ಹಾಕಲಿಲ್ಲ. ಹೊಳೆಯೇ ಹಾಕಿ ಕಳುಹಿಸಿತ್ತು. ಮೀನಿನಷ್ಟು ಮೃದುವಲ್ಲ, ಏಡಿಯಷ್ಟು ಸಿಹಿಯೂ ಅಲ್ಲ. ಹಲ್ಲಿಗೆ ತುಸು ಎದುರುನಿಂತು ಆಮೇಲೆ ಸೋಲುವ ಮಾಂಸ. ಆದರೆ ಕುಚ್ಚಲಕ್ಕಿಯ ಅನ್ನಕ್ಕೆ ಆ ರಸವನ್ನು ಕಲಸಿಕೊಂಡಾಗಲೇ ನನಗೆ ಅವರ ಮಾತು ಅರ್ಥವಾದದ್ದು.

ಆ ಅಳಿವೆಗೆ 2024ರಲ್ಲಿ ರಾಮ್ಸಾರ್ ಜೌಗುಪ್ರದೇಶವೆಂಬ ಮನ್ನಣೆ ದೊರೆಯಿತು. ಅನಂತರ ನಾನು ಹೋದಾಗ ಅವರ ಬುಟ್ಟಿ ಅರ್ಧವೂ ತುಂಬಿರಲಿಲ್ಲ. ಆದರೂ ಚಿಕ್ಕ ಚಿಕ್ಕವನ್ನು ಆರಿಸಿ ಹೊಳೆಗೇ ಹಿಂದಿರುಗಿಸುತ್ತಿದ್ದರು. ಅಂದು ಊಟಕ್ಕೆ ಕುಳಿತಾಗ ನಮಗೆ ತಲಾ ಏಳೆಂಟು ಬಂದವು. ರಸವನ್ನು ಮಾತ್ರ ಎರಡು ಸಲ ಬಡಿಸಿದರು.