ಕೀಬೋರ್ಡಿನೊಳಗೆ ಪಿಯಾನೊ ಇದೆಯೇ?

ಮಾಗಡಿ ತಾಲ್ಲೂಕಿನ ಕೆಂಪಾಪುರ ಎಂದೊಡನೆ ನೆನಪಾಗುವುದು ಕೆಂಪೇಗೌಡರ ಸಮಾಧಿ. ಅಂಥ ಊರಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಸಂಜೆ ಹೊಲದಿಂದ ಬಂದ ಅಪ್ಪ ಕೈಕಾಲು ತೊಳೆದು ಜಗಲಿಯಲ್ಲಿ ಕುಳಿತಿದ್ದಾರೆ. ಒಳಗೆ ಎಂಟನೇ ತರಗತಿಯ ಮಗಳು ಕೀಬೋರ್ಡಿನ ಮುಂದೆ ಮುಖ ಊದಿಸಿಕೊಂಡಿದ್ದಾಳೆ. ಮೊಬೈಲಿನಲ್ಲಿ ಕೇಳಿದ ಪಿಯಾನೊ ತುಣುಕನ್ನೇ ಅವಳು ನುಡಿಸಿದ್ದು. ಸ್ವರಗಳೆಲ್ಲ ಸರಿ. ಆದರೆ, ‘ನಮ್ಮದು ಆಟದ ಸಾಮಾನಿನ ಥರ ಕೇಳುತ್ತದೆ’ ಎಂಬುದು ಅವಳ ದೂರು.

ರೇಷ್ಮೆಗೂಡು ಮಾರಿ ಬಂದ ಹಣದಲ್ಲಿ ವಾದ್ಯ ತಂದ ಅಪ್ಪನಿಗೆ ಸಂಕಟ. ಅಂಗಡಿಯಲ್ಲಿ ಮೋಸಹೋದೆವೇ? ಸಾಲ ಮಾಡಿ ಇನ್ನೂ ದೊಡ್ಡದನ್ನು ಕೊಳ್ಳಬೇಕೇ? ಅಥವಾ ಮಗಳಿಗೇ ಅಭ್ಯಾಸ ಸಾಲದೇ?

ಮಗಳ ಕಿವಿ ಸುಳ್ಳು ಹೇಳುತ್ತಿಲ್ಲ. ಹಾಗೆಂದು ಅಪ್ಪ ಸಾಲಕ್ಕೆ ಓಡಬೇಕಾಗಿಯೂ ಇಲ್ಲ. ಏಕೆಂದು ತಿಳಿಯಲು ಮೊದಲು ಪಿಯಾನೊದ ಒಳಗೆ ಇಣುಕಬೇಕು.

ಸುತ್ತಿಗೆ, ತಂತಿ, ಹಲಗೆ

ಸುಮಾರು 1700ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಬಾರ್ತೊಲೊಮಿಯೊ ಕ್ರಿಸ್ಟೊಫೊರಿ ಎಂಬ ಕುಶಲಕರ್ಮಿ ಈ ವಾದ್ಯವನ್ನು ರೂಪಿಸಿದ. ಅದಕ್ಕೂ ಮುಂಚೆ ಬಳಕೆಯಲ್ಲಿದ್ದ ಹಾರ್ಪ್ಸಿಕಾರ್ಡಿನಲ್ಲಿ ಮನೆ ಒತ್ತಿದರೆ ಒಂದು ಕೊಕ್ಕೆ ತಂತಿಯನ್ನು ಮೀಟುತ್ತಿತ್ತು. ಮೆಲ್ಲಗೆ ಒತ್ತಲಿ, ಜೋರಾಗಿ ಒತ್ತಲಿ, ದನಿಯಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ಕ್ರಿಸ್ಟೊಫೊರಿ ಕೊಕ್ಕೆಯ ಬದಲು ಸುತ್ತಿಗೆ ಇಟ್ಟ. ಬೆರಳಿನ ಬಲ ತಂತಿಗೆ ತಲುಪಿತು. ‘ಪಿಯಾನೊ’ ಎಂದರೆ ಮೆಲ್ಲಗೆ, ‘ಫೋರ್ಟೆ’ ಎಂದರೆ ಜೋರಾಗಿ. ವಾದ್ಯದ ಹೆಸರೇ ಅದರ ಗುಟ್ಟನ್ನು ಹೇಳುತ್ತದೆ.

ಇಂದಿನ ಪಿಯಾನೊದಲ್ಲಿ 88 ಮನೆಗಳು, ಸುಮಾರು 230 ತಂತಿಗಳು. ಕೆಳಗಿನ ಸ್ವರ ಸೆಕೆಂಡಿಗೆ 27.5 ಬಾರಿ ಕಂಪಿಸಿದರೆ ಮೇಲಿನದು 4,186 ಬಾರಿ. ಹೆಚ್ಚಿನ ಮನೆಗಳಿಗೆ ಮೂರು ಮೂರು ತಂತಿ. ಅವು ಪರಸ್ಪರ ಕೂದಲೆಳೆಯಷ್ಟು ಬೇರೆಯಾಗಿರುವುದರಿಂದ ನಾದ ಮೊದಲು ಬೇಗ ಇಳಿದು, ಆಮೇಲೆ ನಿಧಾನವಾಗಿ ಕರಗುತ್ತದೆ. ವೀಣೆಗೆ ಹಲಸಿನ ಮರದ ಕೊಡ ಇರುವಂತೆ ಪಿಯಾನೊದ ತಂತಿಗಳಿಗೆ ಸ್ಪ್ರೂಸ್ ಮರದ ಅಗಲವಾದ ಹಲಗೆ. ದನಿಯನ್ನು ಕೋಣೆಗೆ ಹರಡುವುದು ಅದೇ.

ಜೋರಾಗಿ ಬಡಿದಾಗ ದನಿ ದೊಡ್ಡದಾಗುತ್ತದೆ, ಜೊತೆಗೆ ಅದರ ಬಣ್ಣವೂ ಬದಲಾಗುತ್ತದೆ. ಸುತ್ತಿಗೆಯ ಮೇಲಿನ ಉಣ್ಣೆಯ ಹೊದಿಕೆ ಬಿಗಿದು ಗಡುಸಾಗಿ, ಮೂಲಸ್ವರದ ಜೊತೆ ಹುಟ್ಟುವ ಮೇಲಿನ ಸ್ವರಗಳು ಹೆಚ್ಚುತ್ತವೆ. ಕಾಲಡಿಯ ಪೆಡಲ್ ಒತ್ತಿದರೆ ಎಲ್ಲ ತಂತಿಗಳೂ ಬಿಡುಗಡೆಗೊಂಡು, ಬಡಿಯದೇ ಇದ್ದ ತಂತಿಗಳೂ ಅನುರಣನದಿಂದ ಮಿಡಿಯುತ್ತವೆ.

ಪೆಟ್ಟಿಗೆಯ ಲೆಕ್ಕಾಚಾರ

ಕೀಬೋರ್ಡಿನಲ್ಲಿ ಇವಾವುವೂ ಇಲ್ಲ. ಇರುವುದು ಪಿಯಾನೊ ದನಿಯ ಮುದ್ರಿಕೆ. 1983ರಲ್ಲಿ ಬಂದ ಯಮಾಹಾ ಡಿಎಕ್ಸ್7 ದನಿಯನ್ನು ಗಣಿತದಿಂದಲೇ ಹುಟ್ಟಿಸುತ್ತಿತ್ತು. ನಿಜವಾದ ಪಿಯಾನೊದ ಮಟ್ಟಿಗೆ ಅದು ಸಾಲಲಿಲ್ಲ. ಗಾಯಕ ಸ್ಟೀವಿ ವಂಡರ್ ಅವರೊಡನೆ ನಡೆದ ಮಾತುಕತೆಯಿಂದ ಪ್ರೇರಿತರಾದ ರೇ ಕರ್ಜ್‌ವೈಲ್ 1984ರಲ್ಲಿ ಹೊರತಂದ ವಾದ್ಯ ನಿಜ ದನಿಯ ಮಾದರಿಗಳನ್ನೇ ಸ್ಮೃತಿಯಲ್ಲಿಟ್ಟುಕೊಂಡಿತ್ತು. ಈಗಿನ ಬಹುತೇಕ ಕೀಬೋರ್ಡುಗಳು ಹಿಡಿದಿರುವುದು ಇದೇ ದಾರಿ.

ಇಲ್ಲೊಂದು ಲೆಕ್ಕವಿದೆ. ಸಿ.ಡಿ. ಗುಣಮಟ್ಟದಲ್ಲಿ ಒಂದು ಸೆಕೆಂಡಿನ ದನಿಗೆ 44,100 ಅಳತೆಗಳು. ಒಂದೊಂದು ಅಳತೆಗೆ 2 ಬೈಟ್, ಎಡ ಬಲ ಎರಡು ಕಡೆಗೆ. ಅಂದರೆ ಸೆಕೆಂಡಿಗೆ 1,76,400 ಬೈಟ್. ಒಂದು ಸ್ವರ 20 ಸೆಕೆಂಡು ಇದ್ದರೆ ಸುಮಾರು 35 ಲಕ್ಷ ಬೈಟ್. 88 ಮನೆಗಳಿಗೆ ಸುಮಾರು 31 ಕೋಟಿ. ಮೆಲ್ಲಗಿನಿಂದ ಜೋರಿನವರೆಗೆ ಎಂಟು ಹಂತಗಳಲ್ಲಿ ಮುದ್ರಿಸಿದರೆ ಸುಮಾರು 250 ಕೋಟಿ ಬೈಟ್!

ಕಡಿಮೆ ಬೆಲೆಯ ವಾದ್ಯದಲ್ಲಿ ಇಷ್ಟಕ್ಕೆ ಜಾಗ ಕೊಡುವುದಿಲ್ಲ. ಆದ್ದರಿಂದ ಮೂರು ಉಳಿತಾಯಗಳು. ಕೆಲವೇ ಮನೆಗಳನ್ನು ಮುದ್ರಿಸಿ ಅಕ್ಕಪಕ್ಕಕ್ಕೆ ಎಳೆಯುವುದು. ಸ್ವರದ ಮೊದಲ ಭಾಗವನ್ನಷ್ಟೇ ಇಟ್ಟು ಉಳಿದುದಕ್ಕೆ ಒಂದು ತುಣುಕನ್ನೇ ಸುತ್ತಿಸುವುದು. ಒಂದೆರಡು ಹಂತಗಳ ಬಲವನ್ನಷ್ಟೇ ಇಡುವುದು. ಹುಡುಗಿಯ ಕಿವಿ ಹಿಡಿದದ್ದು ಈ ಉಳಿತಾಯವನ್ನೇ.

ಮನೆಯಲ್ಲೇ ನಾಲ್ಕು ಪರೀಕ್ಷೆ

ಇದನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು. ಒಂದು: ಮಂದ್ರದ ಒಂದು ಮನೆಯನ್ನು ಒತ್ತಿ ಹಿಡಿದು ಕೊನೆಯವರೆಗೂ ಕೇಳಿ. ದನಿ ಚಕ್ರದಂತೆ ಒಂದೇ ಲಯದಲ್ಲಿ ಮರುಕಳಿಸಿದರೆ ಅದು ಸುತ್ತಿಸಿದ ತುಣುಕು. ಎರಡು: ಒಂದೇ ಮನೆಯನ್ನು ಮೆಲ್ಲಗೆ, ಆಮೇಲೆ ಜೋರಾಗಿ ಒತ್ತಿ. ಸದ್ದಷ್ಟೇ ಹೆಚ್ಚಿ ಬಣ್ಣ ಬದಲಾಗದಿದ್ದರೆ ಹಂತಗಳು ಕಡಿಮೆ. ಸದ್ದೂ ಬದಲಾಗದಿದ್ದರೆ ಸ್ಪರ್ಶದ ಗ್ರಹಿಕೆಯೇ ಇಲ್ಲ, ಅಥವಾ ಅದನ್ನು ಆರಿಸಿಡಲಾಗಿದೆ. ಮೂರು: ಎಡದಿಂದ ಬಲಕ್ಕೆ ಒಂದೊಂದೇ ಮನೆ ಒತ್ತುತ್ತಾ ಹೋಗಿ. ಎಲ್ಲಿ ದನಿ ಥಟ್ಟನೆ ಬೇರೆಯಾಗುತ್ತದೋ ಅಲ್ಲಿ ಒಂದು ಮಾದರಿ ಮುಗಿದು ಇನ್ನೊಂದು ಶುರುವಾಗಿದೆ. ನಾಲ್ಕು: ಪೆಡಲ್ ಒತ್ತಿ ಹಿಡಿದು ಅನೇಕ ಸ್ವರಗಳನ್ನು ನುಡಿಸಿ. ಮೊದಲಿನವು ಕತ್ತರಿಸಿದಂತೆ ಮಾಯವಾದರೆ, ಏಕಕಾಲಕ್ಕೆ ಹೊರಡಿಸಬಲ್ಲ ದನಿಗಳ ಮಿತಿ ಮುಗಿಯಿತೆಂದೇ ಅರ್ಥ.

ಕಡಿಮೆ ಖರ್ಚಿನ ದಾರಿ

ಪರೀಕ್ಷೆ ಮುಗಿದ ಮೇಲೆ ಪರಿಹಾರ. ಮೊದಲು ತಾಳದ ಯಂತ್ರವನ್ನೂ ತಾನಾಗಿ ನುಡಿಯುವ ಪಕ್ಕವಾದ್ಯವನ್ನೂ ಆರಿಸಿ. ಪಿಯಾನೊ ದನಿಯೊಂದೇ ಇರಲಿ. ಸ್ಪರ್ಶದ ಸೌಲಭ್ಯವನ್ನು ಚಾಲೂ ಮಾಡಿ. ಕೃತಕ ಪ್ರತಿಧ್ವನಿಯನ್ನು ಊಟಕ್ಕೆ ಉಪ್ಪಿನಷ್ಟೇ ಬೆರೆಸಿ.

ಎರಡನೆಯದು ಪೆಡಲ್. ವಾದ್ಯದ ಹಿಂದೆ ಅದಕ್ಕೆ ರಂಧ್ರವಿದ್ದರೆ, ಹೊಸ ಕೀಬೋರ್ಡಿನ ಬೆಲೆಯ ಸಣ್ಣ ಪಾಲಿನಲ್ಲಿ ಇದು ಸಿಗುತ್ತದೆ. ವಾದ್ಯವನ್ನು ಚಾಲೂ ಮಾಡುವ ಮುನ್ನವೇ ಸಿಕ್ಕಿಸಿ, ಚಾಲೂ ಮಾಡುವಾಗ ಪೆಡಲ್ ಮೇಲೆ ಕಾಲಿಡಬೇಡಿ. ಇಲ್ಲವಾದರೆ ಕೆಲವು ವಾದ್ಯಗಳಲ್ಲಿ ಅದು ತಿರುಗುಮುರುಗಾಗಿ ಕೆಲಸ ಮಾಡುತ್ತದೆ.

ಮೂರನೆಯದು ಸ್ಪೀಕರ್. ಅಂಗೈಯಗಲದ ಸ್ಪೀಕರಿನಿಂದ ಮಂದ್ರದ ಗಾಂಭೀರ್ಯ ಬರುವುದಿಲ್ಲ. ತಂತಿಯಿರುವ ಒಳ್ಳೆಯ ಹೆಡ್‌ಫೋನ್ ಹಾಕಿ ಕೇಳಿದರೆ ಅದೇ ವಾದ್ಯ ಬೇರೆಯೇ ಆಗಿ ಕೇಳಿಸೀತು.

ಮನೆಯಲ್ಲಿ ಕಂಪ್ಯೂಟರ್ ಇದ್ದರೆ ನಾಲ್ಕನೆಯ ದಾರಿಯೂ ಉಂಟು. ಕೀಬೋರ್ಡನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿದರೆ ಬೆರಳು ಇಲ್ಲಿ, ದನಿ ಅಲ್ಲಿ. ಯಮಾಹಾ ಸಿ5 ಗ್ರ್ಯಾಂಡ್ ಪಿಯಾನೊವನ್ನು 16 ಹಂತಗಳ ಬಲದಲ್ಲಿ ಮುದ್ರಿಸಿದ ‘ಸಾಲಮಾಂಡರ್’ ಎಂಬ ಸಂಗ್ರಹ ಉಚಿತವಾಗಿಯೇ ಸಿಗುತ್ತದೆ. ಮನೆ ಒತ್ತಿ ದನಿ ಬರುವವರೆಗಿನ ತಡ ಸೆಕೆಂಡಿನ ನೂರನೇ ಒಂದು ಭಾಗದೊಳಗೆ ಇರುವಂತೆ ಹೊಂದಿಸಿಕೊಂಡರಾಯಿತು. ಅಷ್ಟು ಸಮಯದಲ್ಲಿ ಶಬ್ದ ಗಾಳಿಯಲ್ಲಿ ಸುಮಾರು ಮೂರೂವರೆ ಮೀಟರ್ ಸಾಗುತ್ತದೆ; ಕೋಣೆಯ ಆ ಬದಿಯಲ್ಲಿರುವ ಪಿಯಾನೊ ಕೇಳಿದಷ್ಟೇ ತಡ.

ಮಹಾರಾಜರ ಪಿಯಾನೊ

ಮಾಗಡಿ ಸೀಮೆ ಮೈಸೂರು ಸಂಸ್ಥಾನದಲ್ಲಿದ್ದ ಕಾಲದ ಒಂದು ಸಂಗತಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದ ಜಯಚಾಮರಾಜ ಒಡೆಯರು ಪಿಯಾನೊವನ್ನೂ ಶ್ರದ್ಧೆಯಿಂದ ಕಲಿತವರು. ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜು 1945ರಲ್ಲಿ ಅವರಿಗೆ ಗೌರವ ಫೆಲೋಷಿಪ್ ನೀಡಿತು. ರಷ್ಯದ ಸಂಗೀತಗಾರ ನಿಕೊಲಾಯ್ ಮೆಡ್ಟ್‌ನರ್ ವೃದ್ಧಾಪ್ಯದಲ್ಲಿ ತಮ್ಮ ರಚನೆಗಳನ್ನು ತಾವೇ ಪಿಯಾನೊದಲ್ಲಿ ನುಡಿಸಿ ಮುದ್ರಿಸಲು ಸಾಧ್ಯವಾದದ್ದು, 1940ರ ದಶಕದ ಕೊನೆಯಲ್ಲಿ ಒಡೆಯರು ಕೊಟ್ಟ ಹಣದಿಂದ.

ಅವು ಗ್ರಾಮಫೋನ್ ತಟ್ಟೆಯ ಕಾಲದ ಮುದ್ರಿಕೆಗಳು. ಅವುಗಳ ತಾಂತ್ರಿಕ ಗುಣ ಇಂದಿನ ಅಗ್ಗದ ಕೀಬೋರ್ಡಿಗಿಂತ ಎಷ್ಟೋ ಕೆಳಗೆ. ಆದರೂ ಕೇಳಿದವರಿಗೆ ಅದು ಪಿಯಾನೊ ಎಂಬ ಬಗ್ಗೆ ಕ್ಷಣವೂ ಅನುಮಾನ ಬರದು. ಏಕೆ? ಒಂದು ಸ್ವರ ಮೆಲ್ಲಗೆ, ಮುಂದಿನದು ತುಸು ಒತ್ತಿ, ಸಾಲಿನ ಕೊನೆಯಲ್ಲಿ ಉಸಿರು ಬಿಟ್ಟಂತೆ ಹಗುರ. ಆ ಬೆರಳಿನ ಏರಿಳಿತ ತಟ್ಟೆಯ ಕರಕರ ಸದ್ದನ್ನೂ ದಾಟಿ ಬರುತ್ತದೆ.

ಪಾಲಕರು ಗಮನಿಸಬೇಕಾದದ್ದು ಇದನ್ನೇ. ಸ್ಪರ್ಶದ ಗ್ರಹಿಕೆ ಇಲ್ಲದ ವಾದ್ಯದಲ್ಲಿ ಮಗು ಎಷ್ಟು ಅಭ್ಯಾಸ ಮಾಡಿದರೂ ಆ ಏರಿಳಿತ ಬೆರಳಿಗೆ ಹತ್ತದು. ಅಂಥ ಸಂದರ್ಭದಲ್ಲಿ ವಾದ್ಯ ಬದಲಿಸುವುದು ನ್ಯಾಯ. ಟ್ರಿನಿಟಿಯ ಪರೀಕ್ಷೆಗಳಲ್ಲಿ ಪಿಯಾನೊ ಬೇರೆ, ಎಲೆಕ್ಟ್ರಾನಿಕ್ ಕೀಬೋರ್ಡ್ ಬೇರೆ ವಿಷಯ. ಪಿಯಾನೊ ಹಾದಿಯನ್ನೇ ಹಿಡಿಯುವುದಾದರೆ ಮುಂದೊಂದು ದಿನ ಭಾರದ 88 ಮನೆಗಳ ವಾದ್ಯ ಬೇಕಾದೀತು. ಸ್ಪರ್ಶ ಗ್ರಹಿಸುವ 61 ಮನೆಗಳ ಕೀಬೋರ್ಡ್ ಈಗಾಗಲೇ ಇದ್ದರೆ ಸದ್ಯಕ್ಕೆ ಪೆಡಲ್ ಮತ್ತು ಹೆಡ್‌ಫೋನ್ ಸಾಕು.

ಹುಡುಗಿ ಇಂದು ಸಂಜೆ ಅದೇ ತುಣುಕನ್ನು ಮತ್ತೆ ನುಡಿಸಲಿ, ಪ್ರತಿ ಸ್ವರವನ್ನೂ ಒಂದೇ ಬಲದಲ್ಲಿ ಒತ್ತದೆ. ಜಗಲಿಯಲ್ಲಿ ಕುಳಿತ ಅಪ್ಪನಿಗೆ ವ್ಯತ್ಯಾಸ ಕೇಳಿಸಿದರೆ, ಸಾಲದ ಮಾತನ್ನು ಇನ್ನೆರಡು ವರ್ಷ ಮುಂದೂಡಬಹುದು.